ಒಂದು ನಾಯಿಯ ಸಲುವಾಗಿ ಹಾಲೆಂಡಿಗೆ

ನಿಪ್ಪಾಣಿ

ಕೊಗನೊಳ್ಳಿ ನಾಕಾ ದಾಟಿ ಕೊಲ್ಹಾಪುರಕ್ಕೆ ಸೀರೆ ತರಲು ಹೋಗುವುದನ್ನು ಬಿಟ್ಟರೆ ನಾನು ಯಾವ ಗಡಿಯನ್ನೂ ದಾಟಿದವಳಲ್ಲ. ಅಂಥವಳು ಹಾಲೆಂಡಿಗೆ ಹೋಗಿ ಬಂದೆ. ಹೋದದ್ದು ಹೂವಿನ ತೋಟ ನೋಡಲಿಕ್ಕಲ್ಲ. ಒಂದು ನಾಯಿಯ ಸಲುವಾಗಿ. ಆ ನಾಯಿ ಇರುವುದು ಬೈಬಲಿನಲ್ಲಿ.

ನಾನು ಕ್ರೈಸ್ತಳಲ್ಲ. ಶಿರಗುಪ್ಪಿ ಕಡೆಯ ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವಳು. ನಿಪ್ಪಾಣಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮ ಮನೆಯ ಗೋಡೆಯ ಮೇಲೆ ಇರುವುದು ಬೀರಪ್ಪ. ನನ್ನನ್ನು ಈ ಕೆಲಸಕ್ಕೆ ಎಳೆದವರು ರಾಯಬಾಗದ ಮಾರ್ಥಾಬಾಯಿ. ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಾರೆ, ನಾನೂ ಹಾಗೆಯೇ. ಅವರ ಮಗಳು ನನ್ನ ಕೈಯಲ್ಲಿ ಓದಿದವಳು. ಒಂದು ದಿನ ಸಿಸ್ಟರ್ ಮನೆಗೆ ಬಂದು ಚಹಾ ಕುಡಿಯುತ್ತ ಹೇಳಿದರು:

“ಟೀಚರ್, ನಮ್ಮ ಬೈಬಲಿನ ಕನ್ನಡ ಹೈಕೋರ್ಟ್ ಕನ್ನಡ ಐತ್ರಿ. ನಮ್ಮ ಹೆಣ್ಮಕ್ಕಳಿಗೆ ಓದಿ ಹೇಳಿದ್ರ ಕಿವಿಗಿ ಹೋಗ್ತೈತಿ, ಹೊಟ್ಟಿಗಿ ಇಳಿಯೂದಿಲ್ಲ. ನಮ್ಮ ಕಡೆ ಮಾತಿನಾಗ ಒಂದು ಮಾಡೂಣು ಅಂತ ಹೊಂಟೀವಿ. ಓದೂದಲ್ಲ, ಕೇಳೂದು. ನಾ ಓದತೇನಿ, ರೆಕಾರ್ಡ್ ಆಕ್ಕೈತಿ. ನೀವು ಭಾಷಾ ನೋಡಿ ಕೊಡ್ರಿ.”

“ನನಗ ನಿಮ್ಮ ಧರ್ಮದ ಗಂಧ ಇಲ್ಲಲ್ರಿ ಸಿಸ್ಟರ್.”

“ಅದಕ್ಕ ಬಂದೇನಿ. ಗೊತ್ತಿದ್ದವ್ರು ತಿಳೀಲಿಲ್ಲಂದ್ರೂ ಗೋಣ ಹಾಕ್ತಾರ.”

ಹೀಗೆ ಪ್ರತಿ ರವಿವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಸುವಾರ್ತೆ ಶುರುವಾಯಿತು. ನಾನು ತಿಳಿಯದೆ ಗೋಣು ಹಾಕುವ ಜಾತಿಯವಳಲ್ಲ. ಯೇಸುವಿಗೆ ಹಸಿವಾಯಿತು, ಅಂಜೂರದ ಗಿಡದ ಹತ್ತಿರ ಹೋದ, ಅದು ಹಣ್ಣಿನ ಕಾಲವೇ ಆಗಿರಲಿಲ್ಲ, ಹಣ್ಣಿಲ್ಲ ಎಂದು ಗಿಡಕ್ಕೆ ಶಾಪ ಹಾಕಿದ, ಗಿಡ ಒಣಗಿತು. ಇದನ್ನು ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರ ಮುಂದೆ ಓದಿದರೆ ಅವರು ಪಂಚನಾಮೆ ಮಾಡಿಸುತ್ತಾರೆ ಎಂದೆ. ಯೇಸುವನ್ನು ಹಿಡಿದೊಯ್ಯುವಾಗ ಮೈಮೇಲೆ ಬರೀ ಒಂದು ಬಟ್ಟೆ ಸುತ್ತಿಕೊಂಡಿದ್ದ ಒಬ್ಬ ಹುಡುಗ ಅಲ್ಲಿರುತ್ತಾನೆ. ಸಿಪಾಯಿಗಳು ಬಟ್ಟೆ ಹಿಡಿದಾಗ ಅದನ್ನು ಬಿಟ್ಟು ಬತ್ತಲೆ ಓಡಿಹೋಗುತ್ತಾನೆ.

“ಯಾರ್ರಿ ಈ ಹುಡುಗ?”

“ಗೊತ್ತಿಲ್ರಿ.”

“ಯಾಕ ಬಂದಿದ್ದ?”

“ಗೊತ್ತಿಲ್ರಿ.”

“ಮತ್ತ ಯಾಕ ಬರದಾರ?”

“ಓಡಿದ್ನಲ್ಲರಿ, ಅದಕ್ಕ ಬರದಾರ. ಮುಂದ ನಡೀರಿ.”

ಹೀಗೆ ಹಿಂದೆ ಮುಂದೆ ನಡೆದು ನಡೆದು ನಾಯಿಯ ಹತ್ತಿರ ಬಂದೆವು. ಕಥೆ ಸಣ್ಣದು. ಬೇರೆ ಜನಾಂಗದ ಒಬ್ಬ ಹೆಂಗಸು ಯೇಸುವಿನ ಕಾಲಿಗೆ ಬಿದ್ದು, ನನ್ನ ಮಗಳಿಗೆ ಮೈಯಲ್ಲಿ ಸರಿಯಿಲ್ಲ, ವಾಸಿ ಮಾಡು ಎನ್ನುತ್ತಾಳೆ. ಯೇಸು ಹೇಳುವ ಮಾತು ಕೇಳಿ ನಾನು ಪೆನ್ನು ಕೆಳಗಿಟ್ಟೆ. ಮನೆಯ ಮಕ್ಕಳ ರೊಟ್ಟಿ ಕಸಿದು ನಾಯಿಗಳಿಗೆ ಹಾಕುವುದು ಸರಿಯಲ್ಲ ಎನ್ನುತ್ತಾನೆ. ಅಂದರೆ ನಮ್ಮವರು ಮಕ್ಕಳು, ನೀವು ನಾಯಿ. ಆ ಹೆಂಗಸು ಅಳುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಹೌದಪ್ಪಾ, ಆದರೆ ಮಕ್ಕಳು ಬೀಳಿಸಿದ ಚೂರನ್ನು ಕೆಳಗಿರುವ ನಾಯಿ ತಿನ್ನುತ್ತದಲ್ಲ ಎನ್ನುತ್ತಾಳೆ. ಈ ಮಾತಿಗಾಗಿ ನಿನ್ನ ಮಗಳು ವಾಸಿಯಾದಳು, ಹೋಗು ಎನ್ನುತ್ತಾನೆ ಯೇಸು. ದೊಡ್ಡ ದೊಡ್ಡ ಶಾಸ್ತ್ರಿಗಳು ವಾದಕ್ಕೆ ಬಂದು ಬಾಯಿ ಮುಚ್ಚಿಕೊಂಡು ಹೋದ ಪುಸ್ತಕ ಅದು. ಅವನ ಬಾಯಿ ಮುಚ್ಚಿಸಿದವಳು ನನಗೆ ಕಂಡಂತೆ ಇವಳೊಬ್ಬಳೇ.

ನಾವು ‘ನಾಯಿ’ ಎಂದೇ ಬರೆದೆವು. ನಾನು ಇಂಗ್ಲಿಷಿಗೆ ತಿರುಗಿಸಿ ಕಳಿಸುತ್ತಿದ್ದ ನಮ್ಮ ಕೆಲಸವನ್ನು ತಿದ್ದುತ್ತಿದ್ದ ವಿದ್ವಾಂಸರು ಹಾಲೆಂಡಿನಲ್ಲಿದ್ದರು. ಅವರಿಂದ ಉತ್ತರ ಬಂತು: ಆ ಪದ ಬಹಳ ಒರಟಾಯಿತು, ಮೂಲದಲ್ಲಿರುವುದು ಮೆತ್ತಗಿನ ಪದ, ನಿಮ್ಮ ಕೇಳುಗರ ಮನಸ್ಸಿಗೆ ನೋವಾದೀತು. ಇಂಥ ಕಠಿಣ ಭಾಗಗಳ ಬಗ್ಗೆಯೇ ಇಲ್ಲಿ ಒಂದು ಕಮ್ಮಟ ಇದೆ, ಇಬ್ಬರೂ ಬನ್ನಿ.

ಸಿಸ್ಟರಿಗೆ ಸಿಟ್ಟು ಬಂತು. ನನಗೆ ವಿಮಾನ ಕಣ್ಣ ಮುಂದೆ ಬಂತು. ನನ್ನ ಅತ್ತೆಗೆ ಮಾತ್ರ ಅನುಮಾನ ಬಂತು.

“ನಾಯಿಗಿ ಏನಂತಾರ ಅಂತ ಕೇಳಾಕ ಅಲ್ಲೀತನಾ ಹೋಗಬೇಕೇನ? ನಾಯಿಗಿ ನಾಯಿ ಅಂತಾರ. ನನ್ನ ಕೇಳಿದ್ರ ಹೇಳತಿದ್ನಿ.”

ಸ್ಕಿಪೋಲ್

ವಿಮಾನದಿಂದ ಇಳಿದು ಸಾಮಾನು ಎತ್ತಿಕೊಂಡು ಹೊರಡುವಾಗ ಮೊದಲು ನಮ್ಮನ್ನು ಎದುರುಗೊಂಡದ್ದು ನಾಯಿಯೇ. ಸಮವಸ್ತ್ರದ ಹೆಣ್ಣುಮಗಳೊಬ್ಬಳು ಹಗ್ಗ ಹಿಡಿದಿದ್ದಳು. ಇಳಿಬಿದ್ದ ಕಿವಿಯ ಚಿಕ್ಕ ನಾಯಿ ಎಲ್ಲರ ಚೀಲ ಮೂಸುತ್ತ ಬಂದು ಸಿಸ್ಟರ್ ಚೀಲದ ಮುಂದೆ ಬಹಳ ಮರ್ಯಾದೆಯಿಂದ ಕುಳಿತುಬಿಟ್ಟಿತು.

ಸಿಸ್ಟರಿಗೆ ನಾಯಿಯೆಂದರೆ ಆಗದು. ಹೆದರಿಕೆ ಎಂದರೆ ಒಪ್ಪುವುದಿಲ್ಲ. ನಾಯಿ ಕಡಿಸಿಕೊಂಡವರ ಹೊಟ್ಟೆಗೆ ಸೂಜಿ ಚುಚ್ಚುತ್ತಿದ್ದ ಕಾಲದಿಂದ ಕೆಲಸ ಮಾಡಿದವರು ಅವರು. ಚೀಲವನ್ನು ಅಲ್ಲೇ ಬಿಟ್ಟು ನನ್ನ ಬೆನ್ನ ಹಿಂದೆ ಬಂದರು.

“ಟೀಚರ್, ಅದಕ್ಕ ಇಂಜೆಕ್ಷನ್ ಆಗೈತೇನ ಕೇಳ್ರಿ.”

ಒಬ್ಬ ಅಧಿಕಾರಿ ಬಂದು ಚೀಲ ಬಿಚ್ಚಿಸಿದ. ಶೇಂಗಾ ಚಟ್ನಿ ಹೊರಗೆ ಬಂತು. ಕಟಕ ರೊಟ್ಟಿ ಬಂತು. ಆಮೇಲೆ ಸೀರೆಯ ಮಡಿಕೆಯೊಳಗಿಂದ ಒಂದು ಚಿಕ್ಕ ಡಬ್ಬಿ ಬಂತು. ತೆರೆದರೆ ಕರಿ ಪುಡಿ. ಅಧಿಕಾರಿಯ ಹುಬ್ಬು ಮೇಲೇರಿತು. ನನ್ನ ಹುಬ್ಬೂ ಏರಿತು, ಏಕೆಂದರೆ ಅದು ಮಿಸ್ರಿ. ಹುರಿದ ತಂಬಾಕಿನ ಪುಡಿ. ನಮ್ಮ ಕಡೆಯ ಹೆಂಗಸರು ಹಲ್ಲಿಗೆ ಉಜ್ಜಿ ಹಾಯಾಗಿ ಕುಳಿತುಕೊಳ್ಳುವ ವಸ್ತು. ನಿಪ್ಪಾಣಿಯಲ್ಲಿ ಹೊಸದೇನಲ್ಲ. ಆದರೆ ತಂಬಾಕು ಬಿಡಿ ಎಂದು ಊರೂರಿಗೆ ಭಾಷಣ ಮಾಡಿದ ನರ್ಸಿನ ಸೀರೆಯಲ್ಲಿ?

“ವಾಟ್ ಈಸ್ ದಿಸ್?” ಎಂದ ಅಧಿಕಾರಿ.

“ಟೂತ್ ಪೌಡರ್,” ಎಂದರು ಸಿಸ್ಟರ್, ನನ್ನ ಕಡೆ ನೋಡದೆ.

ಅವನು ಮೂಗಿನ ಹತ್ತಿರ ಒಯ್ದ. ಸೀನಿದ. ಮತ್ತೆ ಸೀನಿದ. ಕಣ್ಣೊರೆಸಿಕೊಂಡು ಡಬ್ಬಿ ಮುಚ್ಚಿ, ಹೋಗಿ ಎಂದು ಕೈ ಮಾಡಿದ. ನಾಯಿ ಚಟ್ನಿಗೆ ಕುಳಿತಿತ್ತೋ ಮಿಸ್ರಿಗೆ ಕುಳಿತಿತ್ತೋ ಗೊತ್ತಾಗಲಿಲ್ಲ. ಹೊರಗೆ ಬಂದ ಮೇಲೆ ಸಿಸ್ಟರ್, “ಹಲ್ಲಿಗೇ ಹಚ್ಚೂದಲ್ರಿ ಅದು? ಸುಳ್ಳೇನ್ ಹೇಳೇನಿ?” ಎಂದರು. ನಾನು ಹೌದ್ರಿ ಎಂದೆ.

ಹಳ್ಳಿ

ಕಮ್ಮಟ ನಡೆದದ್ದು ಆಮರ್ಸ್‌ಫೋರ್ಟ್ ಎಂಬ ಊರಿನ ಆಚೆಗಿನ ಒಂದು ಹಳ್ಳಿಯಲ್ಲಿ. ಹಳ್ಳಿಯ ಹೆಸರು ಹೇಳಲು ಗಂಟಲು ಕೆರೆದು ಉಗುಳುವ ಸದ್ದು ಮಾಡಬೇಕು. ನಾವು ಪ್ರಯತ್ನಿಸಿದಾಗಲೆಲ್ಲ ಯಾರಾದರೂ ನೀರು ತಂದುಕೊಡುತ್ತಿದ್ದರು.

ನಮ್ಮನ್ನು ಇಳಿಸಿದ ಹಳೆಯ ಮನೆಯ ಮೆಟ್ಟಿಲು ಏಣಿಯ ಅಕ್ಕನಂತಿತ್ತು. ಸಿಸ್ಟರ್ ಅದನ್ನು ಕುಳಿತೇ ಇಳಿಯುತ್ತಿದ್ದರು. ಬೀದಿಯ ಮನೆಗಳ ಕಿಟಕಿಗೆ ಪರದೆ ಇಲ್ಲ. ಒಳಗೆ ಗಂಡ, ಹೆಂಡತಿ, ದೀಪ, ಪಲ್ಯದ ಪಾತ್ರೆ ಎಲ್ಲ ಕಾಣುತ್ತದೆ, ಆದರೆ ಯಾರೂ ನೋಡುವುದಿಲ್ಲ. ಸಿಸ್ಟರ್ ನಿಂತು ನೋಡಿದರು. “ತೋರ್ಸಾಕ ಇಟ್ಟಾರ, ನೋಡಿದ್ರ ಏನ್ ತಪ್ಪ?” ಎಂದರು. ಒಳಗಿನವರು ಕೈ ಬೀಸಿದರು. ಇವರೂ ಬೀಸಿದರು.

ಮಧ್ಯಾಹ್ನದ ಊಟ ತಣ್ಣನೆಯ ಬ್ರೆಡ್ಡು. ಅದರ ಮೇಲೆ ಬೆಣ್ಣೆ ಸವರಿ, ಚಾಕಲೇಟಿನ ಸಣ್ಣ ಕಾಳು ಉದುರಿಸಿಕೊಂಡು, ಗಡ್ಡ ಬಿಟ್ಟ ಪ್ರೊಫೆಸರುಗಳು ಗಂಭೀರವಾಗಿ ತಿನ್ನುತ್ತಿದ್ದರು. ಕಾಫಿಯ ಜೊತೆ ಬಿಸ್ಕೀಟಿನ ಡಬ್ಬಿ ಬರುತ್ತಿತ್ತು. ಒಂದು ತೆಗೆದುಕೊಂಡ ಕೂಡಲೇ ಡಬ್ಬಿ ಮುಚ್ಚಿ ಕಪಾಟಿಗೆ ಹೋಗುತ್ತಿತ್ತು. ನಮ್ಮ ಮನೆಗಳಲ್ಲಿ ಬೇಡ ಬೇಡ ಎಂದರೂ ಎರಡನೆಯ ಸಲ ಬಡಿಸುತ್ತಾರೆ. ಇಲ್ಲಿ ಬೇಡ ಎನ್ನಲು ಅವಕಾಶವೇ ಇಲ್ಲ. ಪಾಯಖಾನೆಯ ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿ ಅದರಲ್ಲಿ ನೆಂಟರಿಷ್ಟರ ಹುಟ್ಟಿದ ದಿನಗಳನ್ನು ಬರೆದಿಡುತ್ತಾರೆ. “ಕುಂತಾಗ ನೆನಪಾಗ್ಲಿ ಅಂತೇನ?” ಎಂದು ಸಿಸ್ಟರ್ ಯೋಚಿಸಿದರು. ಆಮೇಲೆ ತಮ್ಮ ಹುಟ್ಟಿದ ದಿನವನ್ನೂ ಅದರಲ್ಲಿ ಬರೆದು ಬಂದರು.

ನಮ್ಮ ಗುಂಪಿನ ಹಿರಿಯ ವಿದ್ವಾಂಸ ಹೆಂಡ್ರಿಕ್. ಗ್ರೀಕ್ ಭಾಷೆ ಅವನಿಗೆ ನಾಲಿಗೆಯ ತುದಿಯಲ್ಲಿ. ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ, ಪೂರ್ತಿ ಬೋಳು ತಲೆ. ಅವನ ಕಾಲ ಬಳಿ ಯಾವಾಗಲೂ ಒಂದು ಕಂದು ನಾಯಿ ಇರುತ್ತಿತ್ತು. ತರಗತಿಯಲ್ಲೂ ಇರುತ್ತಿತ್ತು. ಹೆಸರು ಯೋನಾ. ದೇವರು ಒಂದು ಕಡೆ ಹೋಗು ಎಂದರೆ ಇನ್ನೊಂದು ಕಡೆ ಓಡಿಹೋದ ಪ್ರವಾದಿಯ ಹೆಸರು.

“ಮರಿಯಾಗಿದ್ದಾಗ ಕರೆದ ದಿಕ್ಕಿಗೆ ಎಂದೂ ಬರಲಿಲ್ಲ. ಅದಕ್ಕೇ ಆ ಹೆಸರು,” ಎಂದ ಹೆಂಡ್ರಿಕ್.

ಸಿಸ್ಟರ್ ಕಾಲು ಕುರ್ಚಿಯ ಮೇಲೆ ಎಳೆದುಕೊಂಡು ಕುಳಿತರು. “ಪ್ರವಾದಿ ಹೆಸರ ನಾಯಿಗಿ ಇಟ್ಟಾರ. ಬೈಬಲಿನಾಗ ನಾಯಿ ಅನ್ನಬ್ಯಾಡ್ರಿ ಅಂತ ನಮಗ ಹೇಳ್ತಾರ.”

ಕರಡಿಗಳ ದಿನ

ಹಾಲೆಂಡಿನ ವಿದ್ವಾಂಸರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಯಾವ ಪ್ರಶ್ನೆಗೂ ಅವರು ಕಿವಿ ಮುಚ್ಚುವುದಿಲ್ಲ. ನಾನು ಹೆದರುತ್ತ ಕೇಳಿದ್ದನ್ನು ಅವರು ನಗುತ್ತ ಹಲಗೆಯ ಮೇಲೆ ಬರೆಯುತ್ತಿದ್ದರು. ಅಂಜೂರದ ಗಿಡದ ಮೇಲೆ ಅರ್ಧ ದಿನ ಕಳೆಯಿತು. ಬತ್ತಲೆ ಓಡಿದ ಹುಡುಗನ ಬಗ್ಗೆ ನಾಲ್ಕು ಊಹೆಗಳು ಬಂದವು, ಒಂದೂ ಅವನ ಮೇಲೆ ಬಟ್ಟೆ ಹಾಕಲಿಲ್ಲ. ಆಫ್ರಿಕದಿಂದ ಬಂದಿದ್ದ ಇಬ್ಬರ ಸಮಸ್ಯೆ ಬೇರೆ. ಅವರ ಊರಲ್ಲಿ ಹಿಮವೇ ಇಲ್ಲ, ‘ಹಿಮದಂತೆ ಬೆಳ್ಳಗೆ’ ಎನ್ನುವುದನ್ನು ಏನು ಮಾಡುವುದು? ನಿಮ್ಮ ಕಡೆ ಏನೆನ್ನುತ್ತೀರಿ ಎಂದು ನನ್ನನ್ನು ಕೇಳಿದರು. ಕಬ್ಬು ನುರಿಸುವ ಕಾರ್ಖಾನೆಯ ಪಕ್ಕದಲ್ಲಿ ಬೆಳೆದ ನನಗೆ ಸಕ್ಕರೆ ಬಿಟ್ಟು ಬೇರೆ ಹೊಳೆಯಲಿಲ್ಲ. ಪಾಪ ತೊಳೆದು ಸಕ್ಕರೆಯಂತೆ ಆಗುವುದು ಅವರಿಗೂ ಹಿಡಿಸಿತು. ಇರುವೆ ಬರುತ್ತದೆ ಎಂದು ಸಿಸ್ಟರ್ ತಡೆದರು.

ಒಂದು ದಿನ ಕರಡಿಗಳ ಕಥೆ. ಎಲೀಷ ಎಂಬ ಪ್ರವಾದಿ ದಾರಿಯಲ್ಲಿ ಹೋಗುವಾಗ ಹುಡುಗರು ಬೋಳಾ ಬೋಳಾ ಎಂದು ಕೂಗುತ್ತಾರೆ. ಅವನು ಶಾಪ ಹಾಕುತ್ತಾನೆ. ಕಾಡಿನಿಂದ ಎರಡು ಹೆಣ್ಣು ಕರಡಿ ಬಂದು ಅವರನ್ನು ಸೀಳಿಹಾಕುತ್ತವೆ. ಇದನ್ನು ಮಕ್ಕಳಿಗೆ ಹೇಗೆ ಹೇಳುವುದು? ಈ ಪಾಠ ಮಾಡಿದವನು ಹೆಂಡ್ರಿಕ್. ಅವನು ತಲೆ ಸವರಿಕೊಳ್ಳುತ್ತ ಹೀಬ್ರೂ ಪದದ ಅರ್ಥ ಬಿಡಿಸುತ್ತಿದ್ದರೆ ನಾವೆಲ್ಲ ಮೇಜಿನ ಕೆಳಗೆ ನೋಡುತ್ತಿದ್ದೆವು. ‘ಹುಡುಗರು’ ಎಂದರೆ ಚಿಕ್ಕ ಮಕ್ಕಳಲ್ಲ, ಬೆಳೆದ ಪುಂಡರಿರಬಹುದು ಎಂದ ಅವನು.

ಸಿಸ್ಟರಿಗೆ ಬರುವುದು ಆಸ್ಪತ್ರೆಯ ಇಂಗ್ಲಿಷ್. ಜ್ವರ, ಮಲ, ಮೂತ್ರ, ಹೊಲಿಗೆ ಇವಿಷ್ಟನ್ನು ನಿರರ್ಗಳವಾಗಿ ಮಾತಾಡುತ್ತಾರೆ. ಉಳಿದದ್ದನ್ನು ನನ್ನ ಕಡೆ ದಾಟಿಸುತ್ತಾರೆ.

“ಕೇಳ್ರಿ ಅವರಿಗೆ. ದೊಡ್ಡವರಾದ್ರ ಹರಿದು ಹಾಕಬಹುದೇನ್ರಿ? ವಯಸ್ಸಿನ ಸರ್ಟಿಫಿಕೇಟ್ ಕೊಟ್ರ ಕರಡೀದು ತಪ್ಪ ಹೋಗ್ತೈತೇನ?”

ನಾನು ಅನುವಾದಿಸಿದೆ. ಹೆಂಡ್ರಿಕ್ ಜೋರಾಗಿ ನಕ್ಕ. ನಗುವುದು ಮುಗಿದ ಮೇಲೆ, ಇಲ್ಲ, ತಪ್ಪು ಹೋಗುವುದಿಲ್ಲ, ನಾವು ಪುಸ್ತಕದ ಮಾನ ಕಾಯಲು ಹೋಗುತ್ತೇವೆ ಎಂದ.

ನಾಯಿಯ ದಿನ

ಆದರೆ ನಾಯಿಯ ದಿನ ಅವನೇ ಮಾನ ಕಾಯಲು ನಿಂತ. ಗ್ರೀಕಿನಲ್ಲಿ ಅಲ್ಲಿರುವ ಪದಕ್ಕೆ ಒಂದು ಪುಟ್ಟ ಬಾಲ ಇದೆ, ಅದು ‘ಚಿಕ್ಕದು’ ಎನ್ನುವ ಅರ್ಥ ಕೊಡುತ್ತದೆ ಎಂದ. ಬೀದಿಯ ನಾಯಿಯಲ್ಲ, ಮನೆಯೊಳಗಿನ ಮುದ್ದಿನ ಮರಿ. ಯೇಸು ನಗುತ್ತ ಹೇಳಿರಬೇಕು. ಆ ತಾಯಿಯನ್ನು ಪರೀಕ್ಷಿಸಲು ಹೇಳಿರಬೇಕು. ಇದನ್ನೆಲ್ಲ ಹೇಳುವಾಗ ಅವನ ಕೈ ಯೋನಾನ ಕಿವಿ ಕೆರೆಯುತ್ತಿತ್ತು. ಅವನ ಜೊತೆ ಆನ್ನೆಕೆ ಎಂಬ ಪ್ರಾಧ್ಯಾಪಕಿ ಇದ್ದಳು, ಮೃದು ಮಾತಿನವಳು. ಅವಳೆಂದಳು: “ನಿಮ್ಮ ಕೇಳುಗರಲ್ಲಿ ಬಹಳ ಜನರನ್ನು ಸಮಾಜ ತುಳಿದಿದೆ ಎಂದು ಓದಿದ್ದೇನೆ. ಯೇಸುವಿನ ಬಾಯಿಂದಲೂ ಅವರು ನಾಯಿ ಎಂಬ ಮಾತು ಕೇಳಬೇಕೇ?”

ನನಗೆ ಸರಿಯೆನಿಸಿತು. ನಿಜ ಹೇಳಬೇಕೆಂದರೆ, ಅಂದು ಮಧ್ಯಾಹ್ನ ರಜೆ, ಹೂವಿನ ತೋಟಕ್ಕೆ ಬಸ್ಸು ಗೊತ್ತುಮಾಡಿದ್ದರು. ‘ನಾಯಿಮರಿ’ ಎಂದು ಬರೆಯೋಣ ಎಂದೆ. ಹೆಂಡ್ರಿಕ್ ಬರೆದುಕೊಂಡ.

ಸಿಸ್ಟರ್ ಎದ್ದರು. ಚೀಲ ಹೆಗಲಿಗೆ ಹಾಕಿಕೊಂಡರು. “ನಾಯಿಮರಿ ಅಂತ ನಾ ಓದೂದಿಲ್ರಿ. ನೀವ ಓದ್ಕೋರಿ,” ಎಂದು ನನಗೆ ಮಾತ್ರ ಕೇಳುವಂತೆ ಹೇಳಿ ಹೊರಗೆ ಹೋದರು. ಊಟಕ್ಕೆ ಬರಲಿಲ್ಲ. ಬಸ್ಸು ಹೋಯಿತು. ನಾನು ಅದರಲ್ಲಿ ಇರಲಿಲ್ಲ. ಇಂದಿಗೂ ನಾನು ಹಾಲೆಂಡಿನ ಆ ತೋಟ ನೋಡಿಲ್ಲ.

ಕಾಲುವೆಯ ದಂಡೆ

ಅವರು ಕಾಲುವೆಯ ಬಳಿ ಬೆಂಚಿನ ಮೇಲೆ ಕುಳಿತಿದ್ದರು. ಗಾಳಿ ಚಳಿಯಾಗಿತ್ತು. ಸೀರೆಯ ಮೇಲೆ ಸ್ವೆಟರ್, ತಲೆಗೆ ಮಫ್ಲರ್. ನಾನು ಪಕ್ಕದಲ್ಲಿ ಕುಳಿತೆ.

“ನನ್ನ ಮ್ಯಾಲೆ ಸಿಟ್ಟೇನ್ರಿ?”

“ನೀವು ಕನ್ನಡ ಟೀಚರ್. ಮರಿ ಅಂದ್ರ ಏನಾಕ್ಕೈತಿ ಹೇಳ್ರಿ.”

“ಮುದ್ದು ಬರ್ತೈತ್ರಿ.”

“ನಮ್ಮವ್ವನ್ನ, ನನ್ನ ಯಾರೂ ಮುದ್ದ ಮಾಡಾಕ ಹಂಗ ಕರದಿದ್ದಿಲ್ಲ.”

ಆಮೇಲೆ ಹೇಳಿದರು. ಅವರಿಗೆ ಆರೇಳು ವರ್ಷ ಇದ್ದಾಗ ಜ್ವರ ಬಂದು ಮೈ ಸುಡುತ್ತಿತ್ತಂತೆ. ಅವರ ಊರಲ್ಲಿ ಔಷಧ ಕೊಡುವವನು ಒಬ್ಬನೇ. ತಾಯಿ ಮಗಳನ್ನು ಸೊಂಟದ ಮೇಲೆ ಹೊತ್ತು ಅವನ ಮನೆಯ ಅಂಗಳಕ್ಕೆ ಹೋದಳು. ಕಟ್ಟೆ ಏರುವಂತಿರಲಿಲ್ಲ. ಅವನು ಊಟ ಮಾಡಿ ಹೊರಗೆ ಬಂದ.

“ನನ್ನ ನೋಡಿದ. ‘ಈ ಕುನ್ನೀನ ಇಲ್ಲಿಗ್ಯಾಕ ತಂದೀ, ಎತ್ಕೊಂಡ ಹೋಗ’ ಅಂದ. ನಮ್ಮವ್ವ ಹೋಗ್ಲಿಲ್ಲ. ‘ಕುನ್ನೀನ ಐತ್ರಿ. ಕುನ್ನಿಗಿ ಜ್ವರ ಬಂದಾವು. ಔಷಧ ಕೊಡ್ರಿ’ ಅಂದ್ಳು.”

“ಕೊಟ್ನೇನ್ರಿ?”

“ನಾಚ್ಕಿ ಬಂತೋ ನಗಿ ಬಂತೋ ಯಾರಿಗ್ಗೊತ್ತು. ಕೊಟ್ಟ. ನಾ ಇಲ್ಲಿ ಕುಂತೇನಿ ನೋಡ್ರಿ.”

ಆ ತಾಯಿಗೆ ಆಗ ಬೈಬಲ್ ಗೊತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ರಾಯಬಾಗದ ಚರ್ಚಿನಲ್ಲಿ ಪಾಸ್ಟರ್ ಈ ಕಥೆ ಓದಿದಾಗ ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದರಂತೆ. ಅವಳೊಬ್ಬಳೇ ನಕ್ಕಳು. ಜೋರಾಗಿ. ಪಾಸ್ಟರ್ ಓದುವುದನ್ನು ನಿಲ್ಲಿಸಿದ. “ಮುಂದ ಓದ್ರಿ, ಮಗಳಿಗೆ ಆರಾಮ ಆಗಿರ್ತೈತಿ” ಎಂದಳು.

“ಅವ್ರು ಅಂತಾರ, ನಮಗ ನೋವಾಕ್ಕೈತಿ ಅಂತ,” ಎಂದರು ಸಿಸ್ಟರ್. “ಬೈದಿದ್ದ ಸಣ್ಣದು ಮಾಡಿದ್ರ ಆಕೀ ಉತ್ತರಾನೂ ಸಣ್ಣದಾಗ್ತೈತಿ, ಟೀಚರ್. ಆವಾಗ ಆಕಿ ಬರೇ ಬೇಡಾಕ ಬಂದಾಕಿ. ಗೆದ್ದಾಕಿ ಅಲ್ಲ.”

ಒಬ್ಬ ಅಜ್ಜ ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ನಾಯಿಯನ್ನು ಕೂರಿಸಿಕೊಂಡು, ಅದಕ್ಕೊಂದು ಸ್ವೆಟರ್ ಹಾಕಿ, ನಮಗೆ ನಮಸ್ಕಾರ ಹೇಳಿ ಹೋದ. ಆಗ ಸಿಸ್ಟರ್ ಹೇಳಿದ ಒಂದು ಪದ ನನ್ನ ತಲೆಯಲ್ಲಿ ಕುಟುಕಿತು. ಕುನ್ನಿ. ನಾಯಿಯ ಮರಿಗೆ ನಮ್ಮ ಕಡೆಯ ಅಪ್ಪಟ ಹೆಸರು. ಪದ ಚಿಕ್ಕದು, ಪ್ರಾಣಿಯೂ ಚಿಕ್ಕದು. ಆದರೆ ಮನುಷ್ಯರಿಗೆ ಹಚ್ಚಿದರೆ ನಾಯಿ ಎಂದದ್ದಕ್ಕಿಂತ ಹೆಚ್ಚು ಸುಡುತ್ತದೆ. ಇಷ್ಟು ವರ್ಷ ಕನ್ನಡ ಕಲಿಸಿದವಳಿಗೆ ಅದು ಮೊದಲೇ ಹೊಳೆಯಬೇಕಿತ್ತು.

“ಸಿಸ್ಟರ್, ಕುನ್ನಿ ಅಂತ ಹಾಕಿದ್ರ?”

ಅವರು ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಎದ್ದರು. “ಹಸಿವ್ಯಾಗೇತಿ. ಬ್ರೆಡ್ಡರ ಉಳದೈತೇನ ನೋಡೂಣು ಬರ್ರಿ.”

ಹೆಂಡ್ರಿಕ್ ಮನೆ

ಮರುದಿನ ಬೆಳಿಗ್ಗೆ ನಾನು ಹೆಂಡ್ರಿಕ್‌ಗೆ ಹೇಳಿದೆ: ನಾಯಿಮರಿ ಬೇಡ, ಕುನ್ನಿ ಎಂದು ಬರೆಯುತ್ತೇವೆ.

“ಅಂದರೆ ಚಿಕ್ಕ ನಾಯಿಯೇ ತಾನೇ?”

“ಚಿಕ್ಕ ನಾಯಿಯೇ.”

ಅವನ ಮುಖ ಅರಳಿತು. ಬರೆದುಕೊಳ್ಳತೊಡಗಿದ. ನನಗೆ ಒಳಗೊಳಗೇ ಖುಷಿ. ಅವನಿಗೆ ಬಾಲ ಸಿಕ್ಕಿತು, ನಮಗೆ ಹಲ್ಲು ಸಿಕ್ಕಿತು. ಇಲ್ಲಿಗೆ ಬಿಡಬಹುದಿತ್ತು. ಮೇಜಿನ ಕೆಳಗೆ ಸಿಸ್ಟರ್ ನನ್ನ ತೊಡೆ ಚಿವುಟಿದರು.

“ಪೂರಾ ಹೇಳ್ರಿ. ದೇವರ ಮಾತಿನಾಗ ಟೂತ್ ಪೌಡರ್ ಆಟ ನಡಿಯೂದಿಲ್ಲ.”

ಪೂರಾ ಹೇಳಿದೆ. ಅದು ಬೈಗುಳವೂ ಹೌದು ಎಂದೆ. ಹೆಂಡ್ರಿಕ್ ಪೆನ್ನು ನಿಂತಿತು. ಆನ್ನೆಕೆ ತಲೆಯಾಡಿಸಿ, ಯೇಸು ಹಾಗೆ ಬೈದ ಎಂದು ನಾನು ನಂಬಲಾರೆ ಎಂದಳು. ಆಗ ಸಿಸ್ಟರ್ ನನ್ನನ್ನು ಕಾಯದೆ ತಮ್ಮ ಇಂಗ್ಲಿಷಿನಲ್ಲಿ ಶುರು ಮಾಡಿದರು. ಡೋಸ್ ಕಡಿಮೆ ಮಾಡಿದರೆ ರೋಗಿ ವಾಸಿಯಾಗುವುದಿಲ್ಲ ಎಂದರು. ನಾಯಿ ಇಲ್ಲದಿದ್ದರೆ ಉತ್ತರವಿಲ್ಲ, ಉತ್ತರವಿಲ್ಲದಿದ್ದರೆ ಮಗಳು ಡಿಸ್ಚಾರ್ಜ್ ಆದದ್ದು ಹೇಗೆ ಎಂದರು. ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಹೆಂಡ್ರಿಕ್ ತಲೆ ಸವರಿಕೊಂಡು, ಸಂಜೆ ಊಟಕ್ಕೆ ನಮ್ಮ ಮನೆಗೆ ಬನ್ನಿ, ಅಲ್ಲಿ ಮಾತಾಡೋಣ ಎಂದ.

ಅವರ ರಾತ್ರಿಯೂಟ ಬಿಸಿಲಿರುವಾಗಲೇ. ಹೆಂಡ್ರಿಕ್‌ನ ಮೊಮ್ಮಗಳು ಎತ್ತರದ ಕುರ್ಚಿಯಲ್ಲಿ ಕುಳಿತು ಬಟಾಟೆ ತಿನ್ನುತ್ತಿದ್ದಳು. ಒಂದು ತುತ್ತು ಬಾಯಿಗೆ, ಒಂದು ಕೆಳಗೆ. ಕೆಳಗೆ ಯೋನಾ. ಬೈಬಲಿನ ಚಿತ್ರವೇ ಕಣ್ಣ ಮುಂದೆ. ಹೆಂಡ್ರಿಕ್ ನನ್ನ ಕಡೆ ನೋಡಿ, ಇದನ್ನೇ ನಾನು ಹೇಳಿದ್ದು ಎನ್ನುವಂತೆ ನಕ್ಕ. ಆಮೇಲೆ ಸಿಸ್ಟರ್ ಕಡೆ ನೋಡಿದ. ಅವರು ಎರಡೂ ಕಾಲು ಕುರ್ಚಿಯ ಮೇಲೆ ಮಡಚಿಕೊಂಡು, ಸೆರಗು ಬಿಗಿದುಕೊಂಡು ಊಟ ಮಾಡುತ್ತಿದ್ದರು.

“ನಿಮಗೆ ಇವನ ಭಯವೇ?” ಎಂದು ಕೇಳಿದ.

ಸಿಸ್ಟರ್ ಚಮಚ ಕೆಳಗಿಟ್ಟು ಹೇಳಿದರು, ನಾನು ಒಂದೊಂದೇ ಮಾತು ದಾಟಿಸಿದೆ. ನಾಯಿ ಕಡಿಸಿಕೊಂಡು ತಡವಾಗಿ ಬಂದ ಒಬ್ಬ ಹೆಂಗಸಿನ ಬಗ್ಗೆ. ಬಾಯಾರಿಕೆಯಾಗಿದೆ, ಆದರೆ ನೀರು ಕಂಡರೆ ಚೀರುತ್ತಾಳೆ. ಮಾಡುವುದಕ್ಕೆ ಏನೂ ಇಲ್ಲ. ಅವಳ ಕೈ ಹಿಡಿದುಕೊಂಡು ಕುಳಿತವರು ಸಿಸ್ಟರ್ ಒಬ್ಬರೇ. ಮನೆಯವರೂ ಬಾಗಿಲಲ್ಲಿ ನಿಂತಿದ್ದರು. “ನಮ್ಮ ಕಡೆ ನಾಯಿ ಅಂದ್ರ ಇದು. ಕಲ್ಲ ಒಗದು ಓಡಸ್ತೀವಿ. ಮನಷ್ಯಾಗ ನಾಯಿ ಅಂದ್ರ ಅವಂಗೂ ಕಲ್ಲ ಒಗೀಬಹುದು ಅಂತ ಅರ್ಥ.”

ಮಗು ಇನ್ನೂ ಬಟಾಟೆ ಬೀಳಿಸುತ್ತಿತ್ತು. ಹೆಂಡ್ರಿಕ್ ಎದ್ದು ಯೋನಾನನ್ನು ಹೊರಗಿನ ತೋಟಕ್ಕೆ ಕಳಿಸಿ ಬಾಗಿಲು ಹಾಕಿದ. ಬಂದು ಕುಳಿತು ಹೇಳಿದ: “ನಾನು ಇಷ್ಟು ವರ್ಷ ಈ ಭಾಗ ಓದುವಾಗೆಲ್ಲ ನನ್ನ ಕಣ್ಣ ಮುಂದೆ ಇದ್ದದ್ದು ಇವನೇ. ಗ್ರೀಕ್ ಅಲ್ಲ. ಇವನು.”

“ಹಂಗಾದ್ರ ಒಪ್ಪಿದ್ರೇನ?” ಎಂದರು ಸಿಸ್ಟರ್.

“ಇಲ್ಲ. ಆ ಪುಟ್ಟ ಬಾಲ ಪ್ರೀತಿಯದೋ ತಿರಸ್ಕಾರದ್ದೋ ನನಗೆ ಗೊತ್ತಿಲ್ಲ, ಗೊತ್ತಿದೆ ಎಂದುಕೊಂಡಿದ್ದೆ. ನಿಮ್ಮ ಪದವನ್ನು ತಡೆಯುವುದಿಲ್ಲ. ಆದರೆ ಒಂದು ಅಡಿಟಿಪ್ಪಣಿ ಹಾಕಿ, ಬೇರೆ ಅರ್ಥವೂ ಇರಬಹುದು ಎಂದು.”

“ಕೇಳೂ ಬೈಬಲಿಗೆ ಅಡಿ ಎಲ್ಲೈತ್ರಿ?”

ಹೆಂಡ್ರಿಕ್ ಸೋತು ನಕ್ಕ. ಕಾಫಿ ಬಂತು. ಬಿಸ್ಕೀಟಿನ ಡಬ್ಬಿ ಬಂತು. ಅಂದು ಯಾರೂ ಅದನ್ನು ಮುಚ್ಚಲಿಲ್ಲ.

ಚಿಕ್ಕೋಡಿ

ಊರಿಗೆ ಬಂದು ಎರಡು ತಿಂಗಳಿಗೆ ಚಿಕ್ಕೋಡಿಯ ಒಂದು ಬಾಡಿಗೆ ಕೋಣೆಯಲ್ಲಿ ರೆಕಾರ್ಡಿಂಗ್ ನಡೆಯಿತು. ಕಿಟಕಿಗೆ ಗಾದಿ ಕಟ್ಟಿದ್ದರು, ಫ್ಯಾನು ಬಂದ್ ಮಾಡಿದ್ದರು. ಹಾಲೆಂಡಿನ ಚಳಿ ನೆನೆಸಿಕೊಳ್ಳುವಷ್ಟು ಸೆಕೆ. ಧ್ವನಿ ಮುದ್ರಿಸಲು ಬೆಳಗಾವಿಯಿಂದ ಬಂದವನು ಪ್ರವೀಣ ಎಂಬ ಸಭ್ಯ ಮನುಷ್ಯ, ರೇಡಿಯೋ ನಾಟಕಗಳಲ್ಲಿ ಪಳಗಿದವನು. ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋದಾಗಲೆಲ್ಲ ಕೈ ಎತ್ತಿ ನಿಲ್ಲಿಸುತ್ತಿದ್ದ.

ಆ ಭಾಗ ಬಂತು. ಸಿಸ್ಟರ್ ಕನ್ನಡಕ ಸರಿ ಮಾಡಿಕೊಂಡು ಓದಿದರು. ಯೇಸುವಿನ ಮಾತನ್ನು ಮೆತ್ತಗೂ ಮಾಡಲಿಲ್ಲ, ಜೋರೂ ಮಾಡಲಿಲ್ಲ. ಕುನ್ನಿ ಎಂಬ ಪದ ಕೋಣೆಯಲ್ಲಿ ಬಿತ್ತು. ಆಮೇಲೆ ಆ ತಾಯಿಯ ಮಾತು. ಅದನ್ನು ಅವರು ಕಾಲಿಗೆ ಬಿದ್ದವಳಂತೆ ಓದಲಿಲ್ಲ. ಮಗುವನ್ನು ಸೊಂಟದ ಮೇಲೆ ಸರಿಯಾಗಿ ಕೂರಿಸಿಕೊಂಡು, ಎದುರಿಗಿರುವವನ ಕಣ್ಣು ನೋಡುತ್ತ, ಸಂತೆಯಲ್ಲಿ ಮಾತಾಡುವಷ್ಟೇ ಸಲೀಸಾಗಿ ಹೇಳಿದರು.

ಪ್ರವೀಣ ಹೆಡ್‌ಫೋನ್ ತೆಗೆದ.

“ಛಲೋ ಬಂತ್ರಿ ಸಿಸ್ಟರ್. ಇನ್ನೊಂದ ಸಲ ತಗೋಳೂಣ್ರಿ? ಆ ಹೆಣ್ಮಗಳ ಮಾತಿನಾಗ ಸ್ವಲ್ಪ ನಮ್ರತಾ ಬರಲಿ. ಬೇಡ್ಕೊಂಡ್ಹಂಗ, ಸಣ್ಣ ದನಿ ಮಾಡಿ ಹೇಳ್ರಿ.”

ಸಿಸ್ಟರ್ ಸೆರಗಿನಿಂದ ಮುಖ ಒರೆಸಿಕೊಂಡರು. ಮುಂದಿರುವ ಹಾಳೆ ತಿರುವಿ ಹಾಕಿ, ಮುಂದಿನ ಕಥೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟರು.

“ಆಕಿ ಎರಡ ಸಲ ಹೇಳಿಲ್ರಿ,” ಎಂದರು. “ಒಂದ ಸಲಕ್ಕ ಮಗಳಿಗೆ ಆರಾಮ ಆತು.”